ರೈಲು ಬಸ್ಸು ಮತ್ತು ಗಂಗವ್ವನ ಕಲ್ಲು

ಈಗಲೂ ಯಾರಾದರೂ ನನ್ನೆದುರು 'ಪ್ಲಾಟ್‌ಫಾರಂ' ಎಂದರೆ ಮೈ ಉರಿಯುತ್ತದೆ. ಪಾಪ, ಹೇಳಿದವರದ್ದೇನೂ ತಪ್ಪಿರುವುದಿಲ್ಲ. ಕಳೆದ ತಿಂಗಳು ಹೊಸಪೇಟೆ ಸ್ಟೇಷನ್ನಿನಲ್ಲಿ ಇಳಿದಾಗ ಮೈಕಿನೊಳಗಿನ ಹೆಣ್ಣು ದನಿ ಆ ಪದವನ್ನು ಹೇಳಿದ್ದೇ ಹೇಳಿದ್ದು. ಹೊರಗೆ ಆಗತಾನೆ ಮಳೆ ಶುರುವಾಗಿತ್ತು. ಗೂಡ್ಸ್ ಗಾಡಿಗಳು ನಿಲ್ಲುವ ಕಡೆಯಿಂದ ಆ ವಾಸನೆ ಬಂತು. ಕಾದ ಕಬ್ಬಿಣದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ, ಜೊತೆಗೊಂದಿಷ್ಟು ಮಣ್ಣು ಬೆರೆಸಿದ ಹಾಗೆ. ಅದಿರಿನ ಧೂಳು ನೆಂದರೆ ಮಾತ್ರ ಬರುವ ವಾಸನೆ ಅದು. ನಾನು ನೆಂಟರ ಮನೆಯ ಮದುವೆಗೆಂದು ಬಂದವಳು, ಬ್ಯಾಗು ಮಡಿಲಲ್ಲಿಟ್ಟುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಸೀಗೇಕಟ್ಟೆಯ ಆ ವರ್ಷ ಮೂಗಿನಿಂದಲೇ ಒಳಗೆ ಬಂದಿತ್ತು.

ಸೀಗೇಕಟ್ಟೆ ಹೊಸಪೇಟೆಗೂ ಸಂಡೂರಿಗೂ ನಡುವೆ, ಗುಡ್ಡದ ಬುಡದಲ್ಲಿರುವ ಸಣ್ಣ ಊರು. ಅಲ್ಲಿನ ಹೈಸ್ಕೂಲಿನಲ್ಲಿ ನಾನು ಸಮಾಜ ಪಾಠ ಹೇಳುತ್ತಿದ್ದೆ. ತುಮಕೂರಿನ ಕಡೆಯವಳಾದ ನನಗೆ ಅಲ್ಲಿಗೆ ವರ್ಗವಾದಾಗ ಮನೆಯವರೆಲ್ಲ ಅಯ್ಯೋ ಎಂದಿದ್ದರು. ಅದಿರಿಗೆ ಎಲ್ಲಿಲ್ಲದ ಬೆಲೆ ಬಂದಿದ್ದ ಕಾಲ ಅದು. ಗುಡ್ಡದಿಂದ ಇಳಿದ ಲಾರಿಗಳು ಒಂದರ ಹಿಂದೆ ಒಂದು ಅಂಟಿಕೊಂಡು ಹಗಲೂ ರಾತ್ರಿ ಓಡುತ್ತಿದ್ದವು. ರಸ್ತೆ ಕೆಂಪು, ಬೇವಿನ ಮರ ಕೆಂಪು, ಮೇಕೆಗಳೂ ಕೆಂಪು. ನಾನು ಆಸೆಯಿಂದ ತಂದಿದ್ದ ಬಿಳಿ ಸೀರೆಯನ್ನು ಒಂದೇ ವಾರದಲ್ಲಿ ಟ್ರಂಕಿನ ತಳಕ್ಕೆ ಸೇರಿಸಿದೆ. ರಸ್ತೆ ಪಕ್ಕದ ಹೊಲಗಳಲ್ಲಿ ಸಜ್ಜೆ ಹೋಗಿ ಅದಿರಿನ ಗುಡ್ಡೆಗಳು ಎದ್ದಿದ್ದವು. ಲಾರಿಯಲ್ಲಿ ಬಂದ ಅದಿರನ್ನು ಸುರಿದು, ಗೂಡ್ಸ್ ಗಾಡಿಗೆ ತುಂಬುವವರೆಗೆ ಇಟ್ಟುಕೊಳ್ಳುವ ಅಂಥ ಬಯಲಿಗೆ ಅಲ್ಲಿಯವರು 'ಪ್ಲಾಟು' ಎನ್ನುತ್ತಿದ್ದರು. ಈ ಮಾತು ನೆನಪಿರಲಿ, ಮುಂದಿನ ರಗಳೆಯೆಲ್ಲ ಇದರ ಮೇಲೇ ನಿಂತಿದೆ.

ನಾನಿದ್ದದ್ದು ರುದ್ರಮ್ಮನ ಮನೆಯ ಹೊರಗಿನ ಕೋಣೆಯಲ್ಲಿ. ರುದ್ರಮ್ಮ ಗಟ್ಟಿ ಹೆಂಗಸು, ಮಾತು ಕಡಿಮೆ, ಆಡಿದರೆ ಎದುರಿಗಿದ್ದವರು ಒಂದು ಕ್ಷಣ ಸುಮ್ಮನಾಗಬೇಕು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ನಮ್ಮಿಬ್ಬರಿಗೆ ಹೇಗೋ ಹೊಂದಿಕೆಯಾಗಿತ್ತು. ಹಿಂದಿನ ವರ್ಷ ಅವಳ ಗಂಡ ಶಿವಪ್ಪ ಟಿವಿಎಸ್ ಮೇಲೆ ಹೊಸಪೇಟೆಯಿಂದ ಶೇಂಗಾ ಬೀಜ ತರುವಾಗ ಅದಿರಿನ ಲಾರಿಯ ಕೆಳಗೆ ಸಿಕ್ಕು ತೀರಿಕೊಂಡಿದ್ದ. ಧೂಳಿನಲ್ಲಿ ಕಾಣಲಿಲ್ಲ ಎಂದು ಡ್ರೈವರ್ ಹೇಳಿದನಂತೆ. ಅದು ಸುಳ್ಳೂ ಇರಲಿಕ್ಕಿಲ್ಲ. ಆ ದಿನದಿಂದ ರುದ್ರಮ್ಮ ಹೊಸಪೇಟೆಯ ಬಸ್ಸು ಹತ್ತಿರಲಿಲ್ಲ.

ಅವಳಿಗೆ ಒಬ್ಬಳೇ ಮಗಳು, ಪಾರ್ವತಿ. ನನ್ನ ಕ್ಲಾಸಿನ ಹುಡುಗಿ. ಆ ಬೇಸಿಗೆಯಲ್ಲಿ ಹತ್ತನೆಯ ತರಗತಿಯನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿದಳು. ಮುಂದೆ ಓದಬೇಕೆಂದರೆ ಹೊಸಪೇಟೆಯ ಕಾಲೇಜೇ ಗತಿ. ಹಾಸ್ಟೆಲ್ಲಿನವರು ಊರು ಹತ್ತಿರವಿದೆ ಎಂದು ಸೀಟು ಕೊಡಲಿಲ್ಲ. ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು, ಅದೂ ಅದೇ ರಸ್ತೆಯಲ್ಲಿ. ನಾನು ರುದ್ರಮ್ಮನ ಮುಂದೆ ಕೂತು ಓದಿನ ಬಗ್ಗೆ ಉದ್ದಕ್ಕೆ ಭಾಷಣ ಮಾಡಿದೆ. ಅವಳು ಜೋಳ ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡಳು.

"ಆ ರೋಡಿಗೆ ಒಬ್ಬನ್ನ ಕೊಟ್ಟೀನ್ರಿ ಅಕ್ಕೋರ," ಎಂದಳು. "ಇಕಿನ್ನ ಕೊಡಂಗಿಲ್ಲ."

ಪಾರ್ವತಿ ಬಾಗಿಲ ಹಿಂದೆ ನಿಂತಿದ್ದಳು. ನಾನು ನನ್ನ ಕೋಣೆಗೆ ಎದ್ದು ಬಂದೆ.

ಅಷ್ಟರಲ್ಲೇ ರೈಲು ಬಸ್ಸಿನ ಸುದ್ದಿ ಬಂತು. ಒಂದೇ ಡಬ್ಬಿಯ, ಬಸ್ಸಿನಂಥ ಸಣ್ಣ ರೈಲು. ಅದಿರಿಗೆಂದು ಹಾಕಿದ್ದ ಹಳಿ ನಮ್ಮೂರ ಪಕ್ಕದಲ್ಲೇ ಹಾದುಹೋಗಿತ್ತು. ಅದರ ಮೇಲೆಯೇ ಹೊಸಪೇಟೆಯಿಂದ ಸಂಡೂರಿನ ಕಡೆಗೆ ಈ ಗಾಡಿ ಓಡುತ್ತದಂತೆ, ಆಮೇಲೆ ಹೊಸ ಹಳಿ ಹಾಕಿ ಕಮಲಾಪುರಕ್ಕೂ ಕಂಪ್ಲಿಗೂ ಒಯ್ಯುತ್ತಾರಂತೆ. ಇದಕ್ಕಾಗಿ ಊರ ಕಡೆಯ ಅಧಿಕಾರಿಗಳನ್ನೇ ಸೇರಿಸಿ ಒಂದು ವಿಸ್ತರಣಾ ಸಮಿತಿ ಮಾಡಿದ್ದರು. ಅದರ ಸೆಕ್ರೆಟರಿ ಸಾಹೇಬರು ಒಂದು ಮಧ್ಯಾಹ್ನ ನಮ್ಮ ಶಾಲೆಯ ಅಂಗಳಕ್ಕೆ ಬಂದರು. ತಿಳಿನೀಲಿ ಸಫಾರಿ, ಬೆಣ್ಣೆಯಂಥ ಮಾತು. ಹಂಪಿಯ ಚಿತ್ರದ ಪಕ್ಕ ರೈಲು ಬಸ್ಸು ನಿಂತಿರುವ ದೊಡ್ಡ ಹಾಳೆಯೊಂದನ್ನು ಕರಿಹಲಗೆಗೆ ಅಂಟಿಸಿದರು. ಕೋಟಿಗಳ ಮಾತು ಆಡಿದರು. ಅದಕ್ಕೆ ಎಷ್ಟು ಸೊನ್ನೆ ಎಂದು ನನ್ನ ಪಕ್ಕದಲ್ಲಿದ್ದ ಹೆಂಗಸು ಕೇಳಿದಳು. ಸುಮ್ಮನಿರು, ಆಮೇಲೆ ಹೇಳುತ್ತೇನೆ ಎಂದೆ. ನನಗೂ ಥಟ್ಟನೆ ಹೊಳೆದಿರಲಿಲ್ಲ.

ಸಾಹೇಬರು ಮೊದಲು ಒಂದೆರಡು ಸಲ 'ಪ್ಲಾಟ್‌ಫಾರಂ' ಎಂದರು. ಆಮೇಲೆ ನಮ್ಮೂರವರ ಹಾಗೆಯೇ ಮಾತು ತುಂಡು ಮಾಡಿದರು.

"ನಿಮ್ಮೂರಿಗೂ ಒಂದು ಪ್ಲಾಟು ಬೇಕಲ್ಲ? ಹಳಿ ಪಕ್ಕ ಜಾಗ ಬೇಕು. ಕೊಡುವುದಾದರೆ ಕೈ ಎತ್ತಿ."

ಮುಂದೆ ಕೂತಿದ್ದ ಒಬ್ಬ ಮುದುಕ ಕೇಳಿದ: "ಪ್ಲಾಟು ಅಂದ್ರ ರೈಲು ನಿಂದ್ರೋ ಕಟ್ಟಿ ಹೌದಲ್ರಿ ಸಾಹೇಬ್ರ?"

"ರೈಲು ನಿಲ್ಲದೆ ಇರುತ್ತಾ ಅಜ್ಜ?" ಎಂದು ಸಾಹೇಬರು ನಕ್ಕರು. ನಾವೂ ನಕ್ಕೆವು. ಎಲ್ಲರ ಕೈ ಮೇಲೆದ್ದವು, ನನ್ನದೂ.

ಹಳಿಯ ಪಕ್ಕದ ಜಾಗ ರುದ್ರಮ್ಮನದು, ಶಿವಪ್ಪ ಸಜ್ಜೆ ಬಿತ್ತುತ್ತಿದ್ದ ಹೊಲ. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಕೊಡ್ತೀನ್ರಿ. ಆದ್ರ ರೈಲು ಬಂದ ದಿನ ನನ್ನ ಮಗಳು ಅದರಾಗ ಕಾಲೇಜಿಗೆ ಹೋಗಬೇಕು."

"ಮೊದಲನೇ ಟಿಕೆಟ್ಟೇ ನಿಮ್ಮ ಮಗಳಿಗೆ ಕೊಡಿಸ್ತೀನಮ್ಮ," ಎಂದರು ಸಾಹೇಬರು. ಆಮೇಲೆ ಎಲ್ಲರೂ ಹೊಲಕ್ಕೆ ಹೋದೆವು. ಅಲ್ಲಿ ಅವರು ಹೆಂಗಸರನ್ನು ಕರೆದು, ಬಿಸಿಲಲ್ಲಿ ಕಾಯುವವರಿಗೆ ನೀರು ಬೇಕಾಗುತ್ತದೆ, ನಲ್ಲಿ ಎಲ್ಲಿ ಬೇಕು ತೋರಿಸಿ ಎಂದರು. ಅಷ್ಟು ದೊಡ್ಡ ಅಧಿಕಾರಿ ಹೆಂಗಸರನ್ನು ಒಂದು ಮಾತು ಕೇಳಿದ್ದು ಆ ಊರಿನಲ್ಲಿ ಅದೇ ಮೊದಲಿರಬೇಕು. ರುದ್ರಮ್ಮ ಜಾಗ ತೋರಿಸಿದಳು. ಆ ಸೀಮೆಯಲ್ಲಿ ಭೂಮಿ ಅಗೆದು ನೀರು ತರುವ ಮುಂಚೆ ಗಂಗವ್ವನ ಪೂಜೆ ಮಾಡುತ್ತಾರೆ. ಹೊಲದ ಬದುವಿನಿಂದ ಒಂದು ಕಲ್ಲು ತಂದು ನೆಟ್ಟು, ತೊಳೆದು, ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದರು. ಹಾಗೆ ಒಮ್ಮೆ ಪೂಜೆಯಾದ ಕಲ್ಲನ್ನು ಯಾರೂ ಕೀಳುವಂತಿಲ್ಲ, ದಾಟುವಂತಿಲ್ಲ. ಸೆಕ್ರೆಟರಿ ಸಾಹೇಬರು ಚಪ್ಪಲಿ ಬಿಟ್ಟು ಕೈ ಮುಗಿದು ಕಾಯಿಯ ಹೋಳು ತೆಗೆದುಕೊಂಡರು.

ಜೂನ್ ಬಂತು. ಕಾಲೇಜು ಶುರುವಾಯಿತು. ನಾಗರಪಂಚಮಿಗೆ ರೈಲು ಬಸ್ಸು ಬರುತ್ತದೆ ಎಂದಿದ್ದರು. ಪಾರ್ವತಿಯ ಹೆಸರನ್ನು ನಾನೇ ಹೋಗಿ ಕಾಲೇಜಿಗೆ ಸೇರಿಸಿ, ಪ್ರಿನ್ಸಿಪಾಲರ ಕೈಕಾಲು ಹಿಡಿದು ಸ್ವಲ್ಪ ದಿನ ಹಾಜರಿ ಕೇಳಬಾರದೆಂದು ಕೇಳಿಕೊಂಡೆ. ಪುಣ್ಯಾತ್ಮರು ಒಪ್ಪಿದರು. ದಸರಾ ರಜೆ ಮುಗಿದು ಕಾಲೇಜು ತೆಗೆಯುವುದರೊಳಗೆ ಬರದಿದ್ದರೆ ಹೆಸರು ಹೊಡೆಯಲೇಬೇಕಾಗುತ್ತದೆ ಎಂದರು. ಸಂಜೆ ಹುಡುಗಿಗೆ ನಾನೇ ಪಿಯುಸಿ ಪುಸ್ತಕ ಓದಿಸುತ್ತಿದ್ದೆ. ಇತಿಹಾಸ ಹೇಗೋ ಆಗುತ್ತಿತ್ತು, ಅರ್ಥಶಾಸ್ತ್ರದಲ್ಲಿ ಅವಳು ಕೇಳುವ ಪ್ರಶ್ನೆಗೆ ನಾನು ತಡವರಿಸುತ್ತಿದ್ದೆ.

ಆ ವರ್ಷ ಮಳೆ ಚೆನ್ನಾಗಿಯೇ ಬಂತು. ಸುರಿದಾಗ ಹಳ್ಳದಲ್ಲಿ ಕೆಂಪು ಸಾರು ಹರಿಯುತ್ತಿತ್ತು, ನಿಂತಾಗ ರಸ್ತೆಯೆಲ್ಲ ಜಾರುವ ಕೆಸರು. ಲಾರಿಗಳು ಒಂದಕ್ಕೊಂದು ಗುದ್ದಿಕೊಂಡು ನಿಂತರೆ ತಾಸುಗಟ್ಟಲೆ ದಾರಿ ಇಲ್ಲ. ಆ ಮಳೆಯಲ್ಲೇ ರುದ್ರಮ್ಮನ ಹೊಲದಲ್ಲಿ ಕೆಲಸ ನಡೆಯಿತು. ಮೊದಮೊದಲು ಊರೆಲ್ಲ ಹೋಗಿ ನೋಡಿ ಬರುತ್ತಿತ್ತು. ಕಲ್ಲು ಹಾಸಿದರು, ಕಾಂಕ್ರೀಟು ಸುರಿದರು. ಕಟ್ಟೆ ಎಷ್ಟು ಅಗಲವಾಗುತ್ತಿತ್ತೆಂದರೆ ಅದರ ಮೇಲೆ ಎರಡು ಲಾರಿ ಜೊತೆಯಾಗಿ ನಿಲ್ಲಬಹುದಾಗಿತ್ತು. ಜನ ಕೂರಲು ಬೆಂಚಿಲ್ಲ, ಮೇಲೆ ತಗಡಿಲ್ಲ. ಬದಲಿಗೆ ರಸ್ತೆಯಿಂದ ನೇರವಾಗಿ ಕಟ್ಟೆ ಹತ್ತಲು ಒಂದು ಇಳಿಜಾರು ಕಟ್ಟಿದರು. ಮುದುಕರಿಗೆ ಹತ್ತಲು ಅನುಕೂಲವಾಗಲಿ ಎಂದು ಮಾಡಿದ್ದಾರೆ ಎಂದುಕೊಂಡಿತು ನಮ್ಮ ಊರು. ನಾನೂ ಹಾಗೇ ಅಂದುಕೊಂಡೆ.

ನಾಗರಪಂಚಮಿಯ ಹಿಂದಿನ ದಿನ ಆ ಇಳಿಜಾರಿನ ಮೇಲೆ ಮೊದಲ ಲಾರಿ ಹತ್ತಿತು. ಅದಿರು ಸುರಿದು ಇಳಿಯಿತು. ಅದರ ಹಿಂದೆ ಇನ್ನೊಂದು. ನಾಲ್ಕು ದಿನದಲ್ಲಿ ಶಿವಪ್ಪನ ಸಜ್ಜೆ ಹೊಲದಲ್ಲಿ ಮನೆಯಷ್ಟೆತ್ತರದ ಕೆಂಪು ಗುಡ್ಡೆಗಳು ಎದ್ದವು. ಗೂಡ್ಸ್ ಗಾಡಿ ಬಂದು ನಿಂತಿತು. ಲೋಡರ್ ಯಂತ್ರಗಳು ಬೊಗಸೆ ಬೊಗಸೆಯಾಗಿ ಅದಿರನ್ನು ಎತ್ತಿ ಡಬ್ಬಿಗಳಿಗೆ ತುಂಬಿದವು. ರೈಲು ನಿಂತದ್ದೇನೋ ನಿಜ. ಸಾಹೇಬರು ಸುಳ್ಳು ಹೇಳಿರಲಿಲ್ಲ.

ಒಂದು ವಿಚಿತ್ರ ಏನೆಂದರೆ, ಆ ಗುಡ್ಡೆಗಳ ನಡುವೆ ಗಂಗವ್ವನ ಕಲ್ಲು ಹಾಗೇ ಇತ್ತು. ಲೋಡರ್ ಓಡಿಸುವವರು ಎಲ್ಲಿಂದಲೋ ಬಂದ ಹುಡುಗರು, ನಮ್ಮ ಭಾಷೆ ಸರಿಯಾಗಿ ಬಾರದವರು. ಕುಂಕುಮ ಕಂಡ ಕೂಡಲೇ ಯಂತ್ರ ಹಿಂದಕ್ಕೆ ತೆಗೆಯುತ್ತಿದ್ದರು. ಕಲ್ಲಿನ ಸುತ್ತ ಒಂದು ಮಂಚ ಹಾಕುವಷ್ಟು ಜಾಗ ಖಾಲಿ ಬಿಟ್ಟು ಅದಿರು ರಾಶಿ ಹಾಕಿದ್ದರು. ರುದ್ರಮ್ಮ ಪ್ರತಿ ಮಂಗಳವಾರ ಆ ಗುಡ್ಡೆಗಳ ಸಂದಿಯಲ್ಲಿ ಹೋಗಿ ಕಲ್ಲು ತೊಳೆದು ಅರಿಶಿನ ಹಚ್ಚಿ ಬರುತ್ತಿದ್ದಳು.

ನಾನು ಸಮಿತಿಗೆ ಅರ್ಜಿ ಬರೆದೆ. ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಮತ್ತೆ ಬರೆದೆ. ಮತ್ತೆ ಪರಿಶೀಲನೆಯಲ್ಲೇ ಇತ್ತು. ಒಂದು ಸಂಜೆ ಪಾರ್ವತಿ ಪುಸ್ತಕ ಮಡಚಿಟ್ಟು ಕೇಳಿದಳು:

"ಅಕ್ಕೋರ, ಅಧಿಕಾರಿಗಳನ್ನ ಜನ ಪ್ರಶ್ನೆ ಮಾಡಬಹುದು ಅಂತ ನೀವ ಪಾಠ ಮಾಡಿದ್ರಲ್ರಿ. ಅದು ಬರೇ ಪರೀಕ್ಷೆಗೇನ್ರಿ?"

ಆ ಹುಡುಗಿ ಕುಹಕಕ್ಕೆ ಕೇಳಿದ್ದಲ್ಲ, ನಿಜಕ್ಕೂ ತಿಳಿಯಬೇಕಿತ್ತು ಅವಳಿಗೆ. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ದಸರೆಗೆ ಮುಂಚೆ ಹೊಸಪೇಟೆಯಲ್ಲಿ ಜನರ ಅಹವಾಲು ಕೇಳುವ ಸಭೆ ಇದೆಯೆಂದು ಪತ್ರಿಕೆಯಲ್ಲಿ ನೋಡಿದ್ದೆ. ಹೋಗೋಣ ಎಂದೆ. ರುದ್ರಮ್ಮ ಒಲೆಯ ಮುಂದಿನಿಂದಲೇ ಹೇಳಿದಳು:

"ಬರ್ತೀನ್ರಿ. ಆದ್ರ ರೋಡಿನ ಮ್ಯಾಲ ಅಲ್ಲ. ಹಳಿ ಮ್ಯಾಲ ನಡದು ಬರ್ತೀನಿ."

ಊರಿನ ಹತ್ತಿಪ್ಪತ್ತು ಹೆಂಗಸರು ಹೊರಟರು. ಮಗಳನ್ನು ಮಾತ್ರ ರುದ್ರಮ್ಮ ಮನೆಯಲ್ಲೇ ಬಿಟ್ಟಳು. ಬೆಳಕು ಹರಿಯುವ ಹೊತ್ತಿಗೆ ಹಳಿ ಹತ್ತಿದೆವು. ಹಳಿಯ ಅಡ್ಡಪಟ್ಟಿಗಳನ್ನು ಯಾರ ಹೆಜ್ಜೆ ಅಳೆದು ಹಾಕಿದ್ದಾರೋ ಕಾಣೆ, ಒಂದೊಂದಾಗಿ ಮೆಟ್ಟಿದರೆ ಕುಣಿದ ಹಾಗಾಗುತ್ತದೆ, ಒಂದು ಬಿಟ್ಟು ಒಂದು ಮೆಟ್ಟಿದರೆ ಸೀರೆ ಹರಿಯುತ್ತದೆ. ಗೂಡ್ಸ್ ಗಾಡಿ ಬಂದಾಗಲೆಲ್ಲ ಕೆಳಗಿಳಿದು ಜಾಲಿ ಮುಳ್ಳಿನಲ್ಲಿ ನಿಲ್ಲಬೇಕು. ಅದು ಹೋಗುವವರೆಗೆ ಎಲ್ಲರೂ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆವು. ಒಬ್ಬಳು, "ನೋಡ್ರೆ, ನಮ್ಮ ಪ್ಲಾಟಿನ ಮಣ್ಣು ನಮಗಿಂತ ಮೊದಲು ಹೊಸಪ್ಯಾಟಿ ಮುಟ್ಟತೈತಿ," ಎಂದು ನಗಿಸಿದಳು. ಪೇಟೆ ಸೇರಿದಾಗ ಬಿಸಿಲೇರಿತ್ತು. ಕಚೇರಿಯ ಬಿಳಿ ನೆಲದ ಮೇಲೆ ನಮ್ಮ ಕಾಲಿನ ಕೆಂಪು ಗುರುತು ಸಾಲಾಗಿ ಮೂಡಿತು. ಜವಾನ ಬೈಯುತ್ತ ಹಿಂದೆಯೇ ಬಂದ. ರುದ್ರಮ್ಮ ತಿರುಗಿ ಕೂಡ ನೋಡಲಿಲ್ಲ.

ಸಭೆಗೆ ಜಿಲ್ಲೆಯ ದೊಡ್ಡ ಸಾಹೇಬರೊಬ್ಬರು ಬಂದಿದ್ದರು. ಉತ್ತರದ ಕಡೆಯ ಯುವಕ, ಆಗಷ್ಟೇ ಕನ್ನಡ ಕಲಿಯುತ್ತಿದ್ದರು. ನಮಗಿಂತ ಮುಂಚೆ ಕಂಪ್ಲಿಯ ಅಕ್ಕಿ ಗಿರಣಿಯ ಯಜಮಾನರು ಎದ್ದು, ರೈಲು ಬಸ್ಸಿಗೆಂದು ತಮ್ಮ ಗದ್ದೆಯಲ್ಲಿ ನೆಟ್ಟ ಅಡಿಗಲ್ಲಿಗೆ ಈಗ ಎಮ್ಮೆ ಕಟ್ಟುತ್ತಿದ್ದೇವೆ, ಇಷ್ಟು ಕೋಟಿಗೆ ಒಳ್ಳೆಯ ಗೂಟ ಸಿಕ್ಕಿತು ಎಂದರು. ಎಲ್ಲರೂ ನಕ್ಕರು. ನನ್ನ ಸರದಿ ಬಂದಾಗ ನಾನು ನಗಿಸುವ ಸ್ಥಿತಿಯಲ್ಲಿರಲಿಲ್ಲ. "ಜನ ಓಡಾಡುವ ರೈಲಿಗೆ ಅಂತ ತಂದ ದುಡ್ಡಿನಲ್ಲಿ ಅದಿರಿಗೆ ಕಟ್ಟೆ ಕಟ್ಟಿದ್ದು ಯಾರು, ಯಾಕೆ, ಯಾರನ್ನು ಕೇಳಿ? ಇಷ್ಟಕ್ಕೆ ಉತ್ತರ ಕೊಡಿ," ಎಂದೆ.

ಸೆಕ್ರೆಟರಿ ಸಾಹೇಬರು ಎದ್ದರು. ನನ್ನನ್ನು ನೋಡಲಿಲ್ಲ, ರುದ್ರಮ್ಮನ ಕಡೆಗೆ ತಿರುಗಿ ಮೆತ್ತಗೆ ಹೇಳಿದರು: "ನೀವೇ ಅಲ್ಲವೇನಮ್ಮ ಕೈ ಎತ್ತಿದ್ದು? ಪ್ಲಾಟಿಗೆ ಜಾಗ ಕೊಡ್ತೀವಿ ಅಂದಿರಿ. ಪ್ಲಾಟು ಆಗಿದೆ. ಈಗ ಪ್ಲಾಟ್‌ಫಾರಂ ಅಂದರೆ ಹೇಗೆ?"

ಪ್ಲಾಟು ಅಂದರೇನು, ಪ್ಲಾಟ್‌ಫಾರಂ ಅಂದರೇನು ಎಂದು ದೊಡ್ಡ ಸಾಹೇಬರು ಕೇಳಿದರು. ಯಾರೋ ಅವರ ಕಿವಿಯಲ್ಲಿ ವಿವರಿಸಿದರು. ಅಷ್ಟರಲ್ಲಿ ರುದ್ರಮ್ಮ ಎದ್ದು ನಿಂತಿದ್ದಳು.

"ಪ್ಲಾಟಿಗೆ ನಲ್ಲಿ ಯಾತಕ್ರಿ ಸಾಹೇಬ್ರ? ನಲ್ಲಿ ಎಲ್ಲಿ ಬೇಕು ತೋರಸ್ರಿ ಅಂತ ನೀವ ಕೇಳಿದ್ರಿ. ಅದಿರು ನೀರು ಕುಡಿತೈತೇನ್ರಿ?"

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ದೊಡ್ಡ ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ಸೆಕ್ರೆಟರಿ ಸಾಹೇಬರು ನಗು ಇಳಿಯುವವರೆಗೆ ಕಾದರು.

"ಧೂಳು ಕೂರಿಸೋಕೆ ನೀರು ಬೇಡವೇನಮ್ಮ?" ಎಂದರು.

ಈ ಸಲವೂ ಜನ ನಕ್ಕರು. ಅದೇ ಜನ. ನನಗೆ ಆ ಗಳಿಗೆ ಇಂದಿಗೂ ಮರೆತಿಲ್ಲ. ರುದ್ರಮ್ಮನ ಮುಖ ಕಪ್ಪಿಟ್ಟಿತು. ಆದರೆ ಕೂರಲಿಲ್ಲ.

"ಹಂಗಾದ್ರ ಒಂದ ಕೆಲಸ ಮಾಡ್ರಿ. ಗಂಗವ್ವನ ಕಲ್ಲು ಇನ್ನೂ ಅಲ್ಲೇ ಐತಿ. ನೀವೂ ಕೈ ಮುಗದಿದ್ರಿ. ಬಂದು ಅದರ ಮುಂದ ನಿಂತು, ನಾನು ಅದಿರಿನ ಪ್ಲಾಟಿಗೇ ಜಾಗ ಕೇಳಿದ್ದೆ ಅಂತ ಒಂದ ಮಾತು ಹೇಳ್ರಿ. ನಾನು ಬಾಯಿ ಮುಚ್ಚಿಕೊಂಡು ಮನೀಗೆ ಹೋಗ್ತೀನಿ."

ಈಗ ಯಾರೂ ನಗಲಿಲ್ಲ. ಸೆಕ್ರೆಟರಿ ಸಾಹೇಬರು ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. "ಬರ್ತೀನಮ್ಮ, ಬರ್ತೀನಿ," ಎಂದರು.

ದೊಡ್ಡ ಸಾಹೇಬರು ಅಲ್ಲೇ ಆಜ್ಞೆ ಮಾಡಿದರು. ದಸರೆಯೊಳಗೆ ಸೀಗೇಕಟ್ಟೆಗೆ ರೈಲು ಬಸ್ಸು ಬರಬೇಕು, ಹೆಂಗಸರು ತೋರಿಸಿದ ಜಾಗದಲ್ಲಿ ನಲ್ಲಿ ಹಾಕಬೇಕು, ಎರಡೂ ಆದ ಮೇಲೆ ತಮಗೆ ವರದಿ ಕೊಡಬೇಕು. ನಾವು ಗೆದ್ದೆವು ಎಂದುಕೊಂಡೆವು. ವಾಪಸ್ಸು ಹಳಿಯ ಮೇಲೆ ನಡೆಯುವಾಗ ಕಾಲು ನೋಯಲೇ ಇಲ್ಲ. ಒಬ್ಬಳು ಸೋಬಾನೆ ಪದ ಶುರು ಮಾಡಿದಳು, ಉಳಿದವರು ದನಿಗೂಡಿಸಿದರು, ಹಾಡಲು ಬಾರದ ನಾನೂ ಏನೋ ಗೊಣಗಿದೆ.

ನಲ್ಲಿ ಎರಡೇ ದಿನದಲ್ಲಿ ಬಂತು. ಗಂಗವ್ವನ ಕಲ್ಲಿನ ಪಕ್ಕದಲ್ಲೇ, ಅದಿರಿನ ಗುಡ್ಡೆಗಳ ನಡುವೆ. ದಸರಾ ರಜೆಗೆ ಮುಂಚೆ ಒಂದು ಬೆಳಿಗ್ಗೆ ರೈಲು ಬಸ್ಸೂ ಬಂತು. ಮುಂದೆ ಬಾಳೆಕಂದು ಕಟ್ಟಿ, ಚೆಂಡು ಹೂವಿನ ಮಾಲೆ ಹಾಕಿದ್ದರು. ಅಂದು ಮಾತ್ರ ಪ್ಲಾಟಿಗೆ ಬರುವ ಲಾರಿಗಳನ್ನು ನಿಲ್ಲಿಸಿ ಕಟ್ಟೆ ತೊಳೆದಿದ್ದರು. ಊರಿಗೆ ಊರೇ ಹತ್ತಿತು. ಪಾರ್ವತಿ ಹೊಸ ಚೂಡಿದಾರ ಹಾಕಿ, ಎಣ್ಣೆ ಹಚ್ಚಿ ಎರಡು ಜಡೆ ಹೆಣೆದುಕೊಂಡು, ಪುಸ್ತಕದ ಚೀಲ ತಬ್ಬಿಕೊಂಡು ಕಿಟಕಿಯ ಪಕ್ಕ ಕೂತಳು. ಸೆಕ್ರೆಟರಿ ಸಾಹೇಬರು ಡಬ್ಬಿಯ ಬಾಗಿಲಲ್ಲೇ ನಿಂತು ಹಾರ ಹಾಕಿಸಿಕೊಂಡರು, ಫೋಟೋ ತೆಗೆಸಿಕೊಂಡರು. ಕೆಳಗೆ ಮಾತ್ರ ಇಳಿಯಲಿಲ್ಲ. ರುದ್ರಮ್ಮ ಕಲ್ಲಿನ ಕಡೆಗೆ ಕೈ ತೋರಿಸಿ, "ಇಳೀರಿ ಸಾಹೇಬ್ರ, ಅಲ್ಲೇ ಐತಿ," ಎಂದಳು. ಅವರು ಕೈಗಡಿಯಾರ ನೋಡಿಕೊಂಡು, ಹೊತ್ತಾಯಿತು ಎಂದರು. ಗಾಡಿ ಹೊರಟಿತು. ಲಾರಿಗಳ ಸಾಲು ಆಚೆ ರಸ್ತೆಯಲ್ಲಿ ತೆವಳುತ್ತಿತ್ತು, ನಾವು ಈಚೆ ಹಾಯಾಗಿ ಹೋಗುತ್ತಿದ್ದೆವು. ರುದ್ರಮ್ಮ ಒಮ್ಮೆ ಆ ರಸ್ತೆಯನ್ನು ನೋಡಿದಳು, ಒಮ್ಮೆ ಮಗಳನ್ನು ನೋಡಿದಳು. ಅವಳು ಅಳುವುದನ್ನು ನಾನು ನೋಡಿದ್ದು ಆಗ ಒಂದೇ ಸಲ.

ಪಾರ್ವತಿ ಆ ದಿನ ಕಾಲೇಜಿನಲ್ಲಿ ಕೂತು ಪಾಠ ಕೇಳಿದಳು. ನಾವು ಹೊರಗೆ ಮರದ ಕೆಳಗೆ ಕಾದೆವು. ಸಂಜೆ ಸ್ಟೇಷನ್ನಿಗೆ ಬಂದರೆ ರೈಲು ಬಸ್ಸು ಇಲ್ಲ. ಕೇಳಿದರೆ, ಹಾಗೆ ವಾಪಸ್ಸು ಹೋಗುವ ಗಾಡಿಯ ವಿಷಯವೇ ತಮಗೆ ಗೊತ್ತಿಲ್ಲ ಎಂದರು ಅಲ್ಲಿದ್ದವರು. ಸಮಿತಿಯ ಒಬ್ಬ ಗುಮಾಸ್ತ ಸಿಕ್ಕ. "ಇವತ್ತು ಉದ್ಘಾಟನೆ ಅಷ್ಟೇ ಮೇಡಂ. ದಿನಾ ಓಡಿಸೋಕೆ ಹಳಿ ಖಾಲಿ ಬೇಕಲ್ಲ? ಅದಿರಿನ ಗಾಡಿ ನಿಲ್ಲಿಸೋಕಾಗುತ್ತಾ?" ಎಂದ. ಅವನಿಗೆ ನನ್ನ ಬಾಯಲ್ಲಿ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಊರಿನ ಬಹಳ ಜನ ಬಸ್ಸು, ಟ್ರ್ಯಾಕ್ಸು ಜೀಪು ಹಿಡಿದು ಹೋದರು. ರುದ್ರಮ್ಮ ಹಳಿಗೆ ಇಳಿದಳು. ಮಗಳ ಮಣಿಕಟ್ಟು ಬಿಗಿಯಾಗಿ ಹಿಡಿದಿದ್ದಳು. ನಾನು ಹಿಂದೆ ನಡೆದೆ. ಗಾಡಿಗಳು ಬಂದಾಗ ಮೂವರೂ ಜಾಲಿಯೊಳಗೆ ಸರಿದು ನಿಲ್ಲುತ್ತಿದ್ದೆವು. ಹೊಸ ಚೂಡಿದಾರ ಮುಳ್ಳಿಗೆ ಸಿಕ್ಕು ಹರಿಯಿತು, ಎಣ್ಣೆ ಹಚ್ಚಿದ ಜಡೆಗೆ ಧೂಳು ಮೆತ್ತಿತು.

ಮತ್ತೆ ರೈಲು ಬಸ್ಸು ಬರಲಿಲ್ಲ. ರೈಲು ಓಡಿಸಿದ್ದೇವೆ, ನಲ್ಲಿ ಹಾಕಿದ್ದೇವೆ ಎಂದು ಸಮಿತಿ ವರದಿ ಕೊಟ್ಟಿತು. ಎರಡೂ ನಿಜವೇ. ಆ ನಲ್ಲಿಯಲ್ಲಿ ಮೊದಲು ಕೈ ತೊಳೆದುಕೊಂಡವರು ಸಮಿತಿಯವರೇ. ದೊಡ್ಡ ಸಾಹೇಬರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಮುಂದೆ ಬಂದವರಿಗೆ ಕಥೆಯನ್ನು ಮೊದಲಿನಿಂದ ಹೇಳಬೇಕು, ನಾನು ಹೋಗಿ ಹೇಳಿದೆ, ಅವರು ಪರಿಶೀಲಿಸುತ್ತೇನೆ ಎಂದರು. ದಸರಾ ಮುಗಿದು ಕಾಲೇಜು ತೆಗೆಯಿತು. ಪ್ರಿನ್ಸಿಪಾಲರು ಪಾಪ ಇನ್ನೂ ಒಂದು ವಾರ ಕಾದರು. ಆಮೇಲೆ ಪಾರ್ವತಿಯ ಹೆಸರು ಹೊಡೆದರು.

ಪ್ಲಾಟಿನಲ್ಲಿ ಲಾರಿ ತೂಗುವ ಕಾಟಾ ಹಾಕಿದ್ದರು. ಅಲ್ಲಿ ಕೂತು ಲಾರಿ ನಂಬರು ಬರೆದುಕೊಂಡು ಚೀಟಿ ಹರಿದು ಕೊಡಲು ಓದು ಬಲ್ಲವರು ಬೇಕಾಗಿತ್ತು. ಒಂದು ಸಂಜೆ ನಾನು ಶಾಲೆಯಿಂದ ಬರುವಾಗ ಕಾಟಾದ ತಗಡಿನ ಗೂಡಿನಲ್ಲಿ ಪಾರ್ವತಿ ಕೂತಿದ್ದಳು. ಅವಳು ರೈಲು ಹತ್ತಬೇಕೆಂದು ಅವಳವ್ವ ಬಿಟ್ಟುಕೊಟ್ಟ ಹೊಲ ಅದು. ನಾನು ರುದ್ರಮ್ಮನ ಮೇಲೆ ಹರಿಹಾಯ್ದೆ. ನಿನಗೆ ಬುದ್ಧಿ ಇದೆಯೇನೇ, ಮಗಳನ್ನು ತಂದು ಆ ಧೂಳಿನಲ್ಲಿ ಕೂರಿಸಿದ್ದೀಯಲ್ಲ ಎಂದು ಕೂಗಾಡಿದೆ. ಅವಳು ನನ್ನನ್ನೇ ನೋಡಿದಳು.

"ಅಲ್ಲಿಗೆ ಹೋಗಾಕ ರೋಡು ದಾಟೋದು ಬ್ಯಾಡಲ್ರಿ ಅಕ್ಕೋರ," ಎಂದಳು.

ಮುಂದಿನ ಬೇಸಿಗೆಗೆ ನನಗೆ ವರ್ಗವಾಯಿತು. ನಾನು ಹೊರಟ ದಿನ ಪಾರ್ವತಿ ಗೂಡಿನಿಂದಲೇ ಕೈ ಬೀಸಿದಳು. ಎದುರಿಗೆ ಲಾರಿ ನಿಂತಿದ್ದರಿಂದ ಎದ್ದು ಬರಲಾಗಲಿಲ್ಲ.

ಕಳೆದ ತಿಂಗಳ ಆ ದಿನ, ಮಳೆ ನಿಂತ ಮೇಲೆ ನಾನು ಮದುವೆಗೆ ಹೋಗಲಿಲ್ಲ. ಸ್ಟೇಷನ್ನಿನಿಂದ ಆಟೋ ಮಾಡಿಕೊಂಡು ಸೀಗೇಕಟ್ಟೆಗೆ ಹೋದೆ. ರಸ್ತೆ ಈಗ ಅಗಲವಾಗಿದೆ, ಲಾರಿಗಳು ಮೊದಲಿನಷ್ಟಿಲ್ಲ. ಗಣಿಗಾರಿಕೆ ನಿಂತಾಗ ಪ್ಲಾಟೂ ನಿಂತಿತಂತೆ. ಕಾಂಕ್ರೀಟಿನ ಸೀಳುಗಳಲ್ಲಿ ಜಾಲಿ ಬೆಳೆದಿದೆ. ಕಾಟಾದ ಗೂಡಿನ ತಗಡು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಪಾರ್ವತಿ ಈಗ ಊರ ಅಂಗನವಾಡಿಯಲ್ಲಿ ಸಹಾಯಕಿ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ನನ್ನನ್ನು ಕಂಡು ಅವಳು ಅತ್ತಳು, ನಾನೂ ಅತ್ತೆ. ಅರ್ಥಶಾಸ್ತ್ರ ಪುಸ್ತಕ ಇನ್ನೂ ಇಟ್ಟಿದ್ದೇನೆ ಎಂದಳು.

"ಅವ್ವ ಎಲ್ಲಿ?" ಎಂದೆ.

"ಇವತ್ತು ಮಂಗಳವಾರ ಅಲ್ರೀ," ಎಂದಳು.

ರುದ್ರಮ್ಮ ಪ್ಲಾಟಿನ ನಡುವೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಕಣ್ಣು ಮಂಜಾಗಿದೆ, ಬೆನ್ನು ಬಾಗಿದೆ. ನಲ್ಲಿ ತುಕ್ಕು ಹಿಡಿದು ಒಣಗಿ ನಿಂತಿತ್ತು, ಮನೆಯಿಂದ ತಂಬಿಗೆಯಲ್ಲಿ ನೀರು ತಂದಿದ್ದಳು. ಕಲ್ಲು ತೊಳೆದು ಅರಿಶಿನ ಹಚ್ಚುತ್ತಿದ್ದಳು. ನನ್ನ ದನಿ ಕೇಳಿ, "ಯಾರು, ಅಕ್ಕೋರಾ? ಕುಂದ್ರಿ," ಎಂದು ಪಕ್ಕದ ನೆಲ ಒರೆಸಿದಳು, ನಿನ್ನೆ ಮೊನ್ನೆ ಬಿಟ್ಟು ಹೋದವಳು ಬಂದ ಹಾಗೆ. ನಾನು ಕೂತೆ. ನನಗೆ ಹಳೆಯ ಸಿಟ್ಟೆಲ್ಲ ಮತ್ತೆ ಬಂತು.

"ಇನ್ನೂ ಯಾಕೆ ರುದ್ರಮ್ಮ ಇದನ್ನು ಇಟ್ಟುಕೊಂಡಿದ್ದೀಯ? ನಲ್ಲಿಯೂ ಇಲ್ಲ, ರೈಲೂ ಇಲ್ಲ."

"ಸಾಹೇಬ್ರು ಇನ್ನೂ ಬಂದಿಲ್ಲಲ್ರಿ," ಎಂದಳು. "ಬಂದು ಇಲ್ಲಿ ನಿಂತು ಆ ಮಾತು ಹೇಳ್ತೀನಿ ಅಂದಾರ. ಅಷ್ಟು ಮಂದಿ ಮುಂದ ಅಂದಾರ."

"ಅವರು ರಿಟೈರಾಗಿ ಎಷ್ಟೋ ವರ್ಷವಾಯಿತಲ್ಲೇ."

ರುದ್ರಮ್ಮ ಕುಂಕುಮದ ಬೆರಳನ್ನು ಕಲ್ಲಿಗೆ ಒತ್ತಿದಳು.

"ರಿಟೈರಾದ್ರ ಏನಾತ್ರಿ ಅಕ್ಕೋರ, ಕಾಲು ಅದಾವಲ್ಲ? ನಾವು ಅವರ ಕಡೆ ನಡಕೊಂಡೇ ಹೋಗಿದ್ವಿ."